ಚಕ್ರಪಾಣಿಯವರ ಕೈಯಲ್ಲಿ ನಾಲ್ಕು ಕಾರ್ಡು

ಶನಿವಾರ ಸಿಡ್ನಿಯಿಂದ ಬಂದ ಅಪರ್ಣ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯ ಮನೆಬಾಗಿಲು ತೆಗೆದಾಗ ಅಪ್ಪ ಚಕ್ರಪಾಣಿ ಅಂಗಾತ ಬಿದ್ದಿದ್ದರು. ಮೇಜಿನ ಅಂಚಿನಲ್ಲಿ ರಕ್ತ. ಬಲಗೈಯಲ್ಲಿ ನಾಲ್ಕು ಇಸ್ಪೀಟು ಕಾರ್ಡು: ಎರಡು ಕಪ್ಪು ಎಕ್ಕ, ಎರಡು ಕಪ್ಪು ಎಂಟು.

"ಡೆಡ್ ಮ್ಯಾನ್ಸ್ ಹ್ಯಾಂಡ್," ಎಂದ ಇನ್‌ಸ್ಪೆಕ್ಟರ್. ಪೋಕರ್‌ನಲ್ಲಿ ಈ ಕಾರ್ಡುಗಳಿಗೆ 'ಸತ್ತವನ ಕೈ' ಎಂದು ಹೆಸರು; ಇದು ಪೋಕರ್ ಆಡುವವರ ಕೆಲಸ ಎಂಬುದು ಅವನ ಲೆಕ್ಕ. ಮನೆಯಲ್ಲಿ ಪೋಕರ್ ಹುಚ್ಚಿದ್ದವನು ತಮ್ಮ ಆಕಾಶ್. ಬೆಳಿಗ್ಗೆ ಅಪ್ಪನ ಜೊತೆ ಜಗಳವಾಡಿ ಹೊರಗೆ ಹೋಗಿದ್ದ.

"ಅಕ್ಕಾ, ಐ ಡಿಡ್ ನಥಿಂಗ್!" ಅಳುತ್ತಲೇ ಪೊಲೀಸ್ ಕಾರು ಹತ್ತಿದ.

* * *

ಅಪರ್ಣ ಪತ್ರಿಕೆಯ ಕ್ರೈಂ ವರದಿಗಾರ್ತಿ. ಹೆಣಗಳನ್ನು ಎಷ್ಟೋ ಕಂಡಿದ್ದಳು. ಇದು ಅಪ್ಪ. ಅವಳ ಎದೆ ಒಡೆದುಹೋಗಿತ್ತು. ಆದರೆ ತಮ್ಮನನ್ನೂ ಕಳೆದುಕೊಳ್ಳಲು ಅವಳು ಸಿದ್ಧಳಿರಲಿಲ್ಲ.

ಅಪ್ಪನ ಕಾಲರ್ ಒದ್ದೆಯಾಗಿತ್ತು. ತುಟಿಯಲ್ಲಿ ಹಸಿ ತುಳಸಿ ದಳ. ಪೊಲೀಸರು ಅಡುಗೆಯ ಸೊಪ್ಪು ಅಂದುಕೊಂಡರು. ಅವಳಿಗೆ ಮಾತ್ರ ತಿಳಿಯಿತು. ಪ್ರಾಣ ಹೋಗುವಾಗ ಯಾರೋ ಅಪ್ಪನ ಬಾಯಿಗೆ ತುಳಸಿ ನೀರು ಬಿಟ್ಟಿದ್ದರು.

* * *

ಸಂಜೆ ಪಕ್ಕದ ಬೀದಿಯ ತಿರುಮಲೇಶ್ ಅಂಕಲ್ ಮನೆಗೆ ಹೋದಳು. ನಿವೃತ್ತ ಪ್ರೊಫೆಸರ್, ಮೈಸೂರಿನ ದಿನಗಳಿಂದ ಅಪ್ಪನ ಜೀವದ ಗೆಳೆಯ. ಹೀಟರ್ ಪಕ್ಕ ಅವರ ತುಳಸಿ ಸೊಂಪಾಗಿತ್ತು.

"ಬೆಳಿಗ್ಗೆ ಮನೆಗೆ ಬಂದಿದ್ರಾ ಅಂಕಲ್?"

"ಇಲ್ಲಮ್ಮ. ಬೆನ್ನು ನೋವು."

"ಈ ಚಳಿಗೆ ನಮ್ಮ ತುಳಸಿ ಒಣಗಿಹೋಗಿದೆ. ಶನಿವಾರದ ಪೂಜೆಗೆ ತಂದ್ಕೊಡೋರು ನೀವೇ. ಅಪ್ಪನ ಬಾಯಲ್ಲಿದ್ದದ್ದು ಹಸಿ ದಳ."

"ಆಕಾಶ್ ಹಾಕಿರಬಹುದು..."

"ಅಮ್ಮ ಹೋದಾಗ ನೀರು ಬಿಡ್ಬೇಕು ಅನ್ನೋದೇ ಅವನಿಗೆ ಗೊತ್ತಿರ್ಲಿಲ್ಲ. ಅವತ್ತು ಬಿಟ್ಟಿದ್ದೂ ನೀವೇ. ಮತ್ತೆ, ಪೋಕರ್‌ನಲ್ಲಿ ಒಬ್ಬನ ಕೈಗೆ ಐದು ಕಾರ್ಡು, ಆಡೋನು ಐದೂ ಇಡ್ತಿದ್ದ. ನಾಲ್ಕೇ ಇರೋದು ಅಪ್ಪನ ಕತೇಲಿ."

ಆ ಕತೆ ಎಲ್ಲರಿಗೂ ಬಾಯಿಪಾಠ. ಹಿಂದೆ ಅಮೆರಿಕದಲ್ಲಿ ಬಂದೂಕುಗಾರನೊಬ್ಬ ಪೋಕರ್ ಆಡುತ್ತಿದ್ದಾಗ ಬೆನ್ನ ಹಿಂದಿನಿಂದ ಗುಂಡು ಬಿತ್ತಂತೆ. ಸತ್ತವನ ಕೈಯಲ್ಲಿ ಆ ನಾಲ್ಕು ಕಾರ್ಡು. ಐದನೆಯದು ಯಾರಿಗೂ ತಿಳಿಯದು. ಡೆಡ್ ಮ್ಯಾನ್ಸ್ ಹ್ಯಾಂಡ್ ಎಂಬ ಹೆಸರು ಬಂದದ್ದೇ ಅಲ್ಲಿಂದ ಎಂದು ಅಪ್ಪ ಸಾಧಿಸುತ್ತಿದ್ದರು.

ತಿರುಮಲೇಶ್ ತಲೆಯಾಡಿಸಿದರು. "ಆ ಬಂದೂಕುಗಾರ ಸತ್ತು ಐವತ್ತು ವರ್ಷ ಆದ್ಮೇಲೆ ಯಾರೋ ಕಟ್ಟಿ ಬರೆದಿದ್ದು ಕಣಮ್ಮ ಅದು. ಬೆಳಿಗ್ಗೇನೂ ಅದನ್ನೇ ಹೇಳ್ದೆ. ನಿನ್ನ ಪ್ರೊಫೆಸರ್‌ಗಿರಿ ಸಾಕು ಅಂದ. ಸಿಟ್ಟಲ್ಲಿ ತಳ್ಳಿಬಿಟ್ಟೆ. ಮೇಜಿಗೆ ತಲೆ ಬಡೀತು. ಎರಡೇ ಉಸಿರು... ಹೋಗ್ಬಿಟ್ಟ."

"ಕಾರ್ಡು ಯಾಕಿಟ್ರಿ? ಆಕಾಶ್ ಮೇಲೆ ಹಾಕೋಕಾ?"

"ಅಯ್ಯೋ, ಇಲ್ಲ! ನೀನೇ ಗೆದ್ದೆ ಕಣೋ ಚಕ್ರಿ ಅಂತ ಇಟ್ಟೆ. ಬದುಕಿದ್ದಾಗ ಒಂದ್ಸಲಾನೂ ವಾದದಲ್ಲಿ ಅವನನ್ನ ಗೆಲ್ಲೋಕೆ ಬಿಡ್ಲಿಲ್ಲ."

"ಪೊಲೀಸರು ಆಕಾಶ್‌ನ ಕರ್ಕೊಂಡ್ಹೋದಾಗ ಯಾಕೆ ಹೇಳ್ಲಿಲ್ಲ?"

"ಹೆದರಿಬಿಟ್ಟೆ."

ಅವಳಿಗೆ ಅವರನ್ನು ಹೊಡೆಯಬೇಕೆನಿಸಿತು. ಅವರನ್ನೇ ತಬ್ಬಿ ಅಳಬೇಕೆಂದೂ ಅನಿಸಿತು. ಅಪರ್ಣ ಪೊಲೀಸರಿಗೆ ಫೋನ್ ಮಾಡಿದಳು.

ಕಾರು ಬಂದು ನಿಂತಾಗ ತಿರುಮಲೇಶ್ ತುಳಸಿಗೆ ನೀರು ಹಾಕಿದರು. "ಇದನ್ನ ನಿಮ್ಮನೆಗೆ ತಗೊಂಡ್ಹೋಗಮ್ಮ. ನಿಮ್ಮಪ್ಪನ ಸಂಸ್ಕಾರಕ್ಕೆ ಬೇಕಾಗುತ್ತೆ."

ಅಪರ್ಣ ಅಳುತ್ತಾ ಕುಂಡ ಎತ್ತಿಕೊಂಡಳು. ಬೇರೆ ಯಾರ ಮನೆಯಲ್ಲೂ ತುಳಸಿ ಇರಲಿಲ್ಲ.