ಅಪ್ಪನ ಕೆಂಪು ಮುಖ

"ಯಾವ ಮುಖ ಇಟ್ಕೊಂಡ ಬಂದೀರಿ?"

ಬನಶಂಕರಿ ಮಗ್ಗ ಬಿಟ್ಟು ಏಳಲೂ ಇಲ್ಲ. ಮೂರು ವರ್ಷದ ಮೇಲೆ, ಗಜೇಂದ್ರಗಡದ ಅದೇ ಮನೆಯ ಬಾಗಿಲಲ್ಲಿ ಡಾಕ್ಟರ್ ಅರ್ಜುನಪ್ಪ ನಿಂತಿದ್ದ. ಕೈಯಲ್ಲೊಂದು ಮರದ ಪೆಟ್ಟಿಗೆ.

೧೯೫೪ರಲ್ಲಿ ಇದೇ ಮನೆಯಲ್ಲಿ ಅವರಿಬ್ಬರ ನಿಶ್ಚಯದ ಊಟ. ಅವಳ ಅಪ್ಪ ಗವಿಸಿದ್ದಪ್ಪ ಎರಡು ತುತ್ತು ಹೋಳಿಗೆ ತಿನ್ನುವಷ್ಟರಲ್ಲಿ ಮುಖ, ಕುತ್ತಿಗೆ ಕೆಂಪಗಾದವು. ದಾರೂಬಂದಿಯ ಕಾಲ ಬೇರೆ, ಕುಡಿಯುವುದೇ ಅಪರಾಧ!

"ಕುಡದಾರ! ನಾ ಡಾಕ್ಟರ, ನನಗ ತಿಳೀತೈತಿ" ಎಂದು ಎಲೆ ಮುಂದಿನಿಂದ ಎದ್ದು ಹೋದವನು ಇದೇ ಅರ್ಜುನಪ್ಪ. ಹೊಸ ಡಾಕ್ಟರಿಕೆಯ ಸೊಕ್ಕು, ಮತ್ತೇನಲ್ಲ. ಮದುವೆ ಮುರಿಯಿತು. ಊರೆಲ್ಲ ಅಪ್ಪನನ್ನು ಕುಡುಕ ಎಂದಿತು.

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಕರುಳಿನ ಆಪರೇಷನ್ ಆಗಿ ಅಪ್ಪ ತೀರಿಕೊಂಡ. ಕತ್ತರಿಸಿದ ಕರುಳಿನ ಚೂರು ಪರೀಕ್ಷೆಗೆ ಬಂದದ್ದು ಅದೇ ಆಸ್ಪತ್ರೆಯಲ್ಲಿದ್ದ ಅರ್ಜುನಪ್ಪನ ಮೇಜಿಗೇ.

"ಒಮ್ಮೆ ನೋಡು, ಬನಶಂಕರಿ... ಆಮ್ಯಾಲ ಹೊರಗ ಹಾಕು."

ಅವನು ಪೆಟ್ಟಿಗೆಯಿಂದ ಸೂಕ್ಷ್ಮದರ್ಶಕ ತೆಗೆದು ಕಿಟಕಿಯ ಬೆಳಕಿಗೆ ಇಟ್ಟು, ಆ ಕರುಳಿನ ತೆಳು ಪದರ ಅಂಟಿಸಿದ ಗಾಜನ್ನು ಅದರಡಿ ಸೇರಿಸಿದ. ಅವಳು ಒಲ್ಲದ ಮನಸ್ಸಿನಿಂದ ಎದ್ದು ಬಂದು, ಅದರ ಮುಂದೆ ಕುಳಿತು ಬಗ್ಗಿದಳು.

"ಹಳದಿ ಹಳದಿ... ನಡುವ ಕರೇ ಕಾಳು. ಗುಂಪು ಗುಂಪು ಅದಾವು."

"ಬೆಳ್ಳಿ ಉಪ್ಪಿನ ನೀರಾಗ ಇಟ್ರ ಆ ಜೀವಕಣ ಹಂಗ ಕರ್ರಗಾಗ್ತಾವು. ಎಲ್ಲಾರ ಕರುಳಾಗೂ ಅಲ್ಲೊಂದು ಇಲ್ಲೊಂದು ಇರ್ತಾವು, ರಕ್ತಕ್ಕ ರಸಾ ಬಿಡ್ತಾವು. ನಿಮ್ಮಪ್ಪಾರಿಗೆ ಅವ ಗಡ್ಡಿ ಕಟ್ಟಿದ್ವು. ರಸಾ ಹೆಚ್ಚಾಗಿ, ಉಂಡಾಗ ಮುಖ ಕೆಂಪಾಗ್ತಿತ್ತು. ಮಾವಾರು ಕುಡದಿರಲಿಲ್ಲ..."

ಬನಶಂಕರಿ ನಕ್ಕಳು. ಎಂಥ ಕಹಿ ನಗು ಅದು!

"ಇದನ್ನ ಕೇಳಾಕ ಅಪ್ಪ ಎಲ್ಲಿ ಅದಾನ್ರಿ?"

"ತಪ್ಪು ನಂದು. ಓಣ್ಯಾಗ ನಿಂತು ಹೇಳ್ತೀನಿ. ನಾ ನಿನ್ನ ಮರ್ತಿಲ್ಲ... ಲಗ್ನಾನೂ ಆಗಿಲ್ಲ."

"ತಪ್ಪು ನಿಮ್ಮದಷ್ಟ ಆಗಿದ್ರ, ಬೈದು ಹಗುರ ಆಗ್ತಿದ್ನಿ! ನೀವು ಹೋದ ಮ್ಯಾಲ ದಿನಾ ಸಂಜಿಕ ಅಪ್ಪನ ಬಾಯಿ ಮೂಸಿ ನೋಡ್ತಿದ್ನಿ. ಒಂದಿನಾನೂ ವಾಸನಿ ಬರಲಿಲ್ಲ... ಆದ್ರೂ ಬಿಡಲಿಲ್ಲ. ಕಡೀಕ ನಾ ಕೇಳೂಕಿಂತ ಮೊದಲ ತಾನ ಬಾಯಿ ತೆರೀತಿದ್ದ."

ಅರ್ಜುನಪ್ಪ ಅವಳ ಹತ್ತಿರ ನೆಲದ ಮೇಲೆ ಕುಸಿದು ಕುಳಿತ. ಇಬ್ಬರೂ ಅತ್ತರು.

ಸ್ವಲ್ಪ ಹೊತ್ತಿಗೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

"ನಡೀರಿ ಓಣಿಗೆ. ನೀವು ನಿಮ್ಮದು ಹೇಳ್ರಿ, ನಾ ನಂದು ಹೇಳ್ತೀನಿ."

"ಆಮ್ಯಾಲ... ನಾ ಹೋಗ್ಲಾ?"

ಮೊದಲ ಸಲ ಅವಳು ಅವನ ಮುಖ ನೋಡಿದಳು.

"ಮನಿಗೆ ಬರ್ರಿ. ಅವತ್ತಿನ ಊಟ ಅರ್ಧಕ್ಕ ಬಿಟ್ಟೀರಿ."