ಕಂಪ್ಯೂಟರ್ ಬಚ್ಚಿಟ್ಟ ಮೂರು ಮೇಲ್‌ಗಳು

"ನಾಯಿಗೆ ಪ್ರಯಾಣದ ಸರ್ಟಿಫಿಕೇಟ್ ಕೊಡಿ ಡಾಕ್ಟ್ರೇ. ಬೇರೆ ಮಾತು ಬೇಡ."

ಪಶುವೈದ್ಯೆ ಬೆಚ್ಚಿ ತಲೆಯೆತ್ತಿದಳು. ಎದುರಿಗೆ ಡ್ರಾಯಿಂಗ್ ಮೇಷ್ಟ್ರು! ಕಾಲು ಮುರಿದ ನಾಯಿಯನ್ನು ಎತ್ತಿಕೊಂಡು ಬಂದು, ಕಟ್ಟು ಬಿಚ್ಚುವವರೆಗೂ ವಾರಕ್ಕೆರಡು ಸಲ ಅವಳನ್ನು ನಗಿಸಿ ಹೋಗುತ್ತಿದ್ದವನು. ಆಮೇಲೆ ಒಂದು ತಿಂಗಳು ಸುಳಿವೇ ಇರಲಿಲ್ಲ.

"ಎಲ್ಲಿಗೆ ಹೊರಟ್ರಿ?"

"ವರ್ಗ ಕೇಳಿ ತಗೊಂಡೆ. ನಾಳೆ ಹೊರಡ್ತೀನಿ."

"ಇದ್ದಕ್ಕಿದ್ದ ಹಾಗೆ ಯಾಕೆ?"

"ಮೂರು ಮೇಲ್ ಬರೆದರೂ ತುಟಿ ಬಿಚ್ಚದವರು ಈಗ ಕೇಳ್ತೀರಲ್ಲ!"

ಸಹಿಯಾದ ಕಾಗದ ಕೈಗೆ ಸಿಕ್ಕಿದ್ದೇ ತಡ, ಅವನು ಹೊರಟುಹೋದ.

'ಮೂರು ಮೇಲಾ...? ಏನು ಬರೆದಿದ್ದ?'

ಫೋನ್ ಜಾಲಾಡಿದಳು. ಇನ್‌ಬಾಕ್ಸ್, ಸ್ಪ್ಯಾಮ್... ಒಂದೂ ಇಲ್ಲ! ಅವನು ಸುಳ್ಳು ಹೇಳುವವನಲ್ಲ. ಹಾಗಾದರೆ? ತಲೆಯೊಳಗೆ ಹುಳ ಬಿಟ್ಟಂತಾಯಿತು.

"ಹೋದ ತಿಂಗಳು ಎಕ್ಸ್‌ರೇ ಕಳಿಸೋಕೆ ಅಂತ ಒಳಗಿನ ಕಂಪ್ಯೂಟರಿಗೂ ನಿಮ್ಮ ಮೇಲ್ ಹಾಕಿಸಿದ್ವಲ್ಲ ಡಾಕ್ಟ್ರಮ್ಮ, ಅಲ್ಲಿ ನೋಡಿದ್ರಾ?" ಎಂದಳು ಲ್ಯಾಬಿನ ಅಕ್ಕ.

ನೋಡಿರಲಿಲ್ಲ. ತೆರೆದರೆ... ಓದದ ಮೇಲ್‌ಗಳ ರಾಶಿ! ನಡುವೆ ಅವನವು ಮೂರು.

ಅಕ್ಕ ಸೆಟ್ಟಿಂಗ್ಸ್ ಕೆದಕಿ ಹಣೆ ಚಚ್ಚಿಕೊಂಡಳು. "ಮೇಲ್ ಬಂದ ತಕ್ಷಣ ಇದು ಇಳಿಸ್ಕೊಂಡು, ಸರ್ವರ್‌ನಿಂದ ಅಳಿಸಿಹಾಕ್ತಿದೆ. ಆಮೇಲೆ ಫೋನಿಗೆ ಸಿಗೋದೇನು, ಮಣ್ಣು! ಇರಿ, ಎರಡೂ ಕಡೆ ಒಂದೇ ಥರ ಕಾಣೋ ಹಾಗೆ ಮಾಡ್ತೀನಿ."

ಅವಳಿಗೆ ಅದೊಂದೂ ಕೇಳಿಸಲಿಲ್ಲ. ಮೊದಲನೆಯದರಲ್ಲಿ ನಾಯಿ ಮೆಟ್ಟಿಲು ಹತ್ತಿದ ಸುದ್ದಿ. ಎರಡನೆಯದರಲ್ಲಿ ಅವನು ಬರೆದ ಅವಳದೇ ಚಿತ್ರ, ಮಾರುದ್ದ ಮೂಗಿನ ಸಮೇತ. ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಮೇಜಿನ ಮೇಲೆಲ್ಲ ಪೆನ್ನು ಹುಡುಕುತ್ತಿದ್ದಾಳೆ! ಮೂರನೆಯದು...

'ನಿಮ್ಮನ್ನು ಮದುವೆಯಾಗುವ ಆಸೆ. ಒಪ್ಪಿಗೆಯಿಲ್ಲದಿದ್ದರೆ ಉತ್ತರ ಬೇಡ. ನಾನೇ ಅರ್ಥಮಾಡಿಕೊಳ್ಳುತ್ತೇನೆ.'

ಅಯ್ಯೋ... ಅವಳ ಮೌನವನ್ನೇ ಅವನು ಉತ್ತರ ಅಂದುಕೊಂಡಿದ್ದ!

ಬಿಳಿ ಕೋಟು ಬಿಚ್ಚುವುದನ್ನೂ ಮರೆತು ಶಾಲೆಗೆ ಓಡಿದಳು. ಅವನು ಏಣಿ ಹತ್ತಿ ಗೋಡೆಯ ಚಿತ್ರಗಳನ್ನು ಇಳಿಸುತ್ತಿದ್ದ.

"ನಾನು ಓದೇ ಇರಲಿಲ್ಲ ರೀ! ಎಲ್ಲಾ ಆ ಕಂಪ್ಯೂಟರಲ್ಲೇ ಸಿಕ್ಕಿಹಾಕ್ಕೊಂಡಿತ್ತು... ಈಗ ಓದಿದೆ."

ಅವನ ಕೈ ನಿಂತಿತು. "ಮೂರೂ...?"

"ಮೂರೂ. ನನ್ನ ಮೂಗು ಅಷ್ಟು ಉದ್ದ ಇದ್ಯಾ?"

ಅವನು ನಗಲಿಲ್ಲ. "ಉತ್ತರ?"

"ಅದನ್ನ ಮೇಲ್‌ಗೆ ನಂಬಿ ಕೊಡೋ ಧೈರ್ಯ ನನಗಿಲ್ಲ. ಇಳಿದು ಬನ್ನಿ."

ಇಳಿದು ಬಂದ. ಅವಳ ಕಣ್ಣು ತುಂಬಿತ್ತು.

"ಒಪ್ಪಿಗೆ..." ಎಂದಳು.

ಅವನ ಮುಖ ಅರಳಿ, ಮರುಗಳಿಗೆ ಬಾಡಿತು. "ಆದ್ರೆ ವರ್ಗದ ಆದೇಶ ಬಂದಾಯ್ತು. ನಾಳೆ ಹೋಗಲೇಬೇಕು."

"ಹೋಗಿ. ಆ ಊರಲ್ಲಿ ಪಶುವೈದ್ಯರು ಇದ್ದಾರಾ?"

"ಗೊತ್ತಿಲ್ಲ... ವಿಚಾರಿಸಿಲ್ಲ."

"ವಿಚಾರಿಸಿ," ಅವಳು ಮೆಲ್ಲಗೆ ಅವನ ಕೈ ಹಿಡಿದಳು. "ಇಲ್ಲ ಅಂದ್ರೆ ತುಂಬಾ ಒಳ್ಳೇದು."