ಕಿವಿಗೆ ಚುಚ್ಚುವ ಸಕಾರ

"ನೀವು ರಿಪೇರಿ ಮಾಡ್ಕೊಟ್ಟ ಸ್ಪೀಕರು ಕಿವಿಗೆ ಚುಚ್ತೈತೆ" ಎಂದು ಕವನ ಫೋನು ಮಾಡಿದಾಗ ರುದ್ರಪ್ರಸಾದನಿಗೆ ಸಿಟ್ಟೇ ಬಂತು. ಹಳೆಯ ಸ್ಪೀಕರಿಗೆ ಜೀವ ಬರಿಸುವುದರಲ್ಲಿ ಚನ್ನಪಟ್ಟಣದಲ್ಲಿ ಅವನದೇ ಹೆಸರು. ಆ ಸಿಟ್ಟಿನಲ್ಲೇ ಅವಳ ಮನೆಗೆ ಹೋದ.

ಕವನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮೂವತ್ತಾರು ದಾಟಿದ್ದಳು, ಒಬ್ಬಳೇ ಇದ್ದಳು. ಸಂಜೆ ಮನೆಗೆ ಬಂದರೆ ಹಾಡೇ ಜೊತೆ. ಅವನು ಬಂದೊಡನೆ ಒಂದು ಹಾಡು ಹಾಕಿದಳು.

"ಚೆನ್ನಾಗೇ ಐತಲ್ಲ ಮೇಡಂ."

"ಹಾಡೋ ಆಯಮ್ಮ 'ಸ' ಅಂದಾಗೆಲ್ಲ ಸೂಜಿ ಚುಚ್ಚಿದಂಗಾಗ್ತದೆ. ನಿಮಗೆ ಕೇಳಿಸ್ಲಿಲ್ವಾ?"

ಕೇಳಿಸಿರಲಿಲ್ಲ. ಅಂಗಡಿ ಇಡುವ ಮೊದಲು ಅವನು ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಹನ್ನೊಂದು ವರ್ಷ ತಗಡು ಒತ್ತುವ ಮೆಷಿನ್ನಿನ ಪಕ್ಕ ನಿಂತವನು. ಸಣ್ಣ ಚೂಪು ದನಿಗಳು ಮೊದಲು ಹೋಗುತ್ತವೆ, ಉಳಿದದ್ದು ಆಮೇಲೆ, ಇದಕ್ಕೆ ಔಷಧಿಯಿಲ್ಲ ಎಂದು ಡಾಕ್ಟರು ಹೋದ ತಿಂಗಳು ಹೇಳಿದ್ದರು. ತನಗೆ ಕೇಳಿಸಲಿ ಎಂದು ಅವನು, ಸ್ಪೀಕರಿನಲ್ಲಿ ಚೂಪು ದನಿ ಹೊರಡಿಸುವ ಟ್ವೀಟರಿನ ಸದ್ದು ಏರಿಸುತ್ತಲೇ ಹೋಗಿದ್ದ.

ಯಾರಿಗೂ ಹೇಳದಿದ್ದದ್ದನ್ನು ಅವಳಿಗೆ ಹೇಳಿಬಿಟ್ಟ.

ಕವನ ಹಾಡು ನಿಲ್ಲಿಸಿದಳು. "ಹಂಗಾದ್ರೆ ನನ್ ಕಿವಿ ತಗೊಳ್ಳಿ. ನೀವು ಕೆಲಸ ಮಾಡಿ, ನಾನು ಕೇಳಿ ಹೇಳ್ತೀನಿ."

ಭಾನುವಾರ ಭಾನುವಾರ ಅವನು ಬಂದ. ಅವಳು ಕೂರುವ ಕುರ್ಚಿಯನ್ನೇ ದಿಟ್ಟಿಸುತ್ತಿದ್ದ ಜೋಡಿ ಸ್ಪೀಕರುಗಳ ಮುಖ ಒಂದಿಷ್ಟು ಆಚೆಗೆ ತಿರುಗಿಸಿದ. ಸದ್ದು ಬಡಿದು ಮರಳದಿರಲೆಂದು ಬರಿಯ ಟೈಲ್ಸಿನ ನೆಲಕ್ಕೆ ಇಬ್ಬರೂ ಸೇರಿ ಜಮಖಾನ ಹಾಸಿದರು, ಕಿಟಕಿಯ ಗಾಜಿಗೆ ದಪ್ಪ ಪರದೆ ಕಟ್ಟಿದರು. ಆಮೇಲೆ ಟ್ವೀಟರಿನ ದನಿ ತಗ್ಗಲೆಂದು ಅದರ ತಂತಿಗೆ ಒಂದೊಂದೇ ರೆಸಿಸ್ಟರ್ ಬದಲಿಸಿ ನೋಡತೊಡಗಿದ.

"ಈಗ?"

"ಇನ್ನೊಂದ್ ಒಸಿ ತಗ್ಸಿ."

ಚುಚ್ಚಿದಾಗ ಅವಳ ಹುಬ್ಬಿನ ನಡುವೆ ಸಣ್ಣ ಗೆರೆ ಮೂಡುತ್ತಿತ್ತು. ಹಿತವಾದಾಗ ತುಟಿಯ ಒಂದು ಕೊನೆ ಸಡಿಲಾಗುತ್ತಿತ್ತು. ಅದನ್ನು ನೋಡಿಯೇ ಅವನು ಕೆಲಸ ಮಾಡುತ್ತಿದ್ದ. ಬರಬರುತ್ತ, ಹಾಡು ಮುಗಿದ ಮೇಲೂ ನೋಡುತ್ತಿದ್ದ.

"ಸ್ಪೀಕರು ಆ ಕಡೆ ಐತೆ" ಎಂದಳು ಒಮ್ಮೆ.

"ಮೀಟ್ರು ಈ ಕಡೆ ಐತಲ್ಲ ಮೇಡಂ."

ಅವಳ ಕೆನ್ನೆ ಕೆಂಪಾಯಿತು.

ಐದನೆಯ ಭಾನುವಾರ ಹಾಡು ಮೊದಲಿಂದ ಕೊನೆಯವರೆಗೆ ಹರಿಯಿತು. ಹುಬ್ಬು ಗಂಟಿಕ್ಕಲಿಲ್ಲ. ಕೆಲಸ ಮುಗಿದಿತ್ತು. ಅವನು ಬೆನ್ನು ತಿರುಗಿಸಿ ಸಾಮಾನು ಚೀಲಕ್ಕೆ ತುಂಬತೊಡಗಿದ. ಕಾಫಿ ಲೋಟ ಹಿಡಿದು ಹಿಂದೆ ನಿಂತ ಕವನ ಮೆಲ್ಲಗೆ ಹೇಳಿದಳು:

"ಇನ್ಮೇಲೆ ರಿಪೇರಿ ನೆಪ ಬೇಡ. ನಂಗೆ ನೀವು ಬೇಕು. ಕಿವಿ ಹೋದ್ರೂ ಸರಿಯೇ."

ಅವಳದು ತಗ್ಗಿದ, ಮಂದ ದನಿ. ಅವನಿಗಿನ್ನೂ ದಕ್ಕುತ್ತಿದ್ದ ದನಿ. ಒಂದಕ್ಷರವೂ ತಪ್ಪದೆ ಕೇಳಿಸಿತು.

ಬೇಗನೆ ಈ ದನಿಯೂ ಕೇಳಿಸುವುದಿಲ್ಲ. ಅಂಗಡಿಯೂ ಇರುವುದಿಲ್ಲ. ಹಾಡೇ ಜೊತೆಯಾದವಳು, ಹಾಡು ಕೇಳದವನ ಎದುರು ಒಬ್ಬಳೇ ಕೂತು ಹಾಡು ಕೇಳುವುದನ್ನು ಅವನು ಕಣ್ಣೆದುರು ಕಂಡ. ಒಂದು ದಿನ ತನ್ನ ಮೇಲಿನ ಮರುಕಕ್ಕೆ ಅವಳು ಹಾಡು ಹಾಕುವುದನ್ನೇ ನಿಲ್ಲಿಸುವುದನ್ನೂ ಕಂಡ.

ತಿರುಗಿದ. "ಏನಂದ್ರಿ? ಕೇಳಿಸ್ಲಿಲ್ಲ."

ಕವನ ಅವನ ಮುಖವನ್ನೇ ನೋಡಿದಳು. ಅವಳು ಇನ್ನೊಮ್ಮೆ ಹೇಳಿದರೆ ತಾನು ಸೋಲುತ್ತೇನೆಂದು ಅವನಿಗೆ ಗೊತ್ತಿತ್ತು.

"ಏನಿಲ್ಲ" ಎಂದಳು. "ಕಾಫಿ ಆರೋಗ್ತದೆ ಅಂದೆ."

ಕುಡಿದ. ಚೀಲ ಹೆಗಲಿಗೇರಿಸಿ, ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿದ. ಬಾಗಿಲಲ್ಲಿ ನಿಂತು ಅವಳು ಮತ್ತೇನೋ ಅಂದಳು. ತುಟಿ ಅಲುಗಿದ್ದು ಕಂಡಿತು. ಬೀದಿಯಲ್ಲಿ ಬಸ್ಸೊಂದು ಹಾಯುತ್ತಿತ್ತು. ಈ ಸಲ ಅವನಿಗೆ ನಿಜವಾಗಿಯೂ ಕೇಳಿಸಲಿಲ್ಲ.

ಏನೆಂದು ಕೇಳುವ ಧೈರ್ಯವಾಗದೆ, ಸುಮ್ಮನೆ ತಲೆಯಾಡಿಸಿ ಗೇಟು ಹಾಕಿಕೊಂಡು ಹೊರಟ.